ಕಾಕಾನ ಕ್ಯಾಲೆಂಡರ್

ಕಾಕಾ ಹೋಗಿ ಇವತ್ತಿಗೆ ವರ್ಷವಾಯಿತು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವರು. ಶಿವರಾತ್ರಿ ಜಾತ್ರೆ ಬಂತೆಂದರೆ ಮನೆಯಲ್ಲಿ ಸಿಗುತ್ತಿರಲಿಲ್ಲ, ಸಿದ್ಧಾರೂಢ ಮಠದಲ್ಲಿ ಊಟಕ್ಕೆ ಬಡಿಸುತ್ತಿದ್ದರು. ಕಾಕು ಸಿಟ್ಟಾದರೆ ಮರುದಿನ ಗಿರ್ಮಿಟ್ ಪೊಟ್ಟಣ ಹಿಡಿದು ಬರುತ್ತಿದ್ದರು. ಅಷ್ಟಕ್ಕೇ ಸಿಟ್ಟು ಇಳಿಯುತ್ತದೆ ಅನ್ನೋದು ಅವರ ನಂಬಿಕೆ. ಕಾಕುನ ಕೇಳಿದರೆ ಕಥೆನೇ ಬೇರೆ!

ನಿನ್ನೆ ಅವರ ಹಳೇ ಕ್ಯಾಲೆಂಡರ್ ಸಿಕ್ಕಿತು. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಮಗಳ ಫೀ. ನಡುವೆ ಅಲ್ಲಲ್ಲಿ ಕೆಂಪು ಪೆನ್ನಿನ ಗುಂಡು ಗುರುತು. ಏನಿದು ಅಂತ ದಿನ ಎಣಿಸಿದೆ. ಸರಿಯಾಗಿ 90 ದಿನಕ್ಕೊಂದು. ರಕ್ತ ಕೊಟ್ಟ ದಿನಗಳು! ಗಂಡಸರು ಮೂರು ತಿಂಗಳಿಗೊಮ್ಮೆ ಕೊಡಬಹುದು ಅಲ್ವಾ, ಇವರು ಒಂದು ದಿನವೂ ತಡ ಮಾಡಿಲ್ಲ.

65 ದಾಟಿದ ಮೇಲೆ ಬೇಡ ಅಂದಾಗ ವಾರವಿಡೀ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದರು.