ಒಟಿಪಿ ಹೇಳೋದು ಫೋನಿನ ಗುರುತು, ಮತದಾರರದ್ದಲ್ಲ

ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುಂಚೆ, ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಆನ್‌ಲೈನ್‌ನಲ್ಲಿ 6,018 ಅರ್ಜಿಗಳು ಬಂದಿದ್ದವು. ಚುನಾವಣಾ ಆಯೋಗವೇ ಕೊಟ್ಟ ಲೆಕ್ಕದ ಪ್ರಕಾರ ಪರಿಶೀಲನೆಯಲ್ಲಿ ಸರಿ ಎಂದು ಕಂಡದ್ದು 24. ಉಳಿದ 5,994 ತಿರಸ್ಕೃತವಾದವು, 2023ರ ಫೆಬ್ರವರಿಯಲ್ಲಿ ಎಫ್‌ಐಆರ್ ದಾಖಲಾಯಿತು. ಮಾಡಿದವರು ಯಾರು ಎಂಬುದು ತನಿಖೆಗೆ, ನ್ಯಾಯಾಲಯಕ್ಕೆ ಬಿಟ್ಟದ್ದು. ನೋಂದಣಿ ವ್ಯವಸ್ಥೆಯ ಬಗ್ಗೆ ತಲೆ ಕೆಡಿಸಿಕೊಳ್ಳುವವರಿಗೆ ಬೇರೆಯದೇ ಪ್ರಶ್ನೆ ಇದೆ: ಅಷ್ಟು ಅರ್ಜಿಗಳು ಒಳಗೆ ಬರಲು ಬಾಗಿಲು ಎಲ್ಲಿ ತೆರೆದಿತ್ತು?

ಉತ್ತರ ಸರಳ. ಆಯೋಗದ ಪೋರ್ಟಲ್ಲಿಗೆ ಲಾಗಿನ್ ಆಗಲು ಒಂದು ಮೊಬೈಲ್ ಸಂಖ್ಯೆ, ಅದಕ್ಕೆ ಬರುವ ಒಟಿಪಿ ಇದ್ದರೆ ಸಾಕಿತ್ತು. ಒಳಗೆ ಹೋದ ಮೇಲೆ ಅರ್ಜಿದಾರರ ಜಾಗದಲ್ಲಿ ಯಾರ ಎಪಿಕ್ ಸಂಖ್ಯೆ (ವೋಟರ್ ಐಡಿ ಕಾರ್ಡಿನ ಸಂಖ್ಯೆ) ಹಾಕಿದ್ದೀರಿ, ಅದು ಈ ಫೋನಿನವರದ್ದೇನಾ ಎಂದು ಕೇಳುವವರಿರಲಿಲ್ಲ. ಎಪಿಕ್ ಸಂಖ್ಯೆ ಗುಟ್ಟಿನ ವಿಷಯವೂ ಅಲ್ಲ. ಮೂರು ಅಕ್ಷರ, ಏಳು ಅಂಕಿಯ ಆ ಸಂಖ್ಯೆ ಪಟ್ಟಿಯಲ್ಲಿ ಹೆಸರಿನ ಜತೆಯಲ್ಲೇ ಅಚ್ಚಾಗಿರುತ್ತದೆ. ಮಾನ್ಯತೆ ಪಡೆದ ಪಕ್ಷಗಳಿಗೆಲ್ಲ ಪಟ್ಟಿಯ ಪ್ರತಿ ಹೋಗುತ್ತದೆ. ಎಲ್ಲರಿಗೂ ಕಾಣುವ ಸಂಖ್ಯೆಯನ್ನು ಗುರುತಿನ ಪುರಾವೆ ಎಂದು ಒಪ್ಪಿಕೊಂಡರೆ ಆಗುವುದು ಇದೇ.

2025ರ ಸೆಪ್ಟೆಂಬರ್‌ನಲ್ಲಿ ಇದಕ್ಕೊಂದು ಬೀಗ ಬಿತ್ತು. ಈಗ ನಮೂನೆ 6 (ಹೊಸ ಸೇರ್ಪಡೆ), ನಮೂನೆ 7 (ಆಕ್ಷೇಪಣೆ ಅಥವಾ ಹೆಸರು ತೆಗೆಯುವಿಕೆ), ನಮೂನೆ 8 (ವಿಳಾಸ ಬದಲಾವಣೆ, ತಿದ್ದುಪಡಿ, ಹೊಸ ಕಾರ್ಡು) ತುಂಬಿದ ಮೇಲೆ ಇ-ಸಹಿ ಹಾಕಬೇಕು. ಅರ್ಜಿ ತುಂಬಿ ಮುಂದೆ ಒತ್ತಿದರೆ ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಸ್ಥೆ ಸಿ-ಡ್ಯಾಕ್‌ನ ಇ-ಸಹಿ ಪುಟಕ್ಕೆ ಹೋಗುತ್ತದೆ. ಅಲ್ಲಿ ಆಧಾರ್ ಸಂಖ್ಯೆ ಕೊಟ್ಟು, ಆಧಾರ್‌ಗೆ ಜೋಡಿಸಿದ ಫೋನಿಗೆ ಬರುವ ಒಟಿಪಿ ಹಾಕಿ ಒಪ್ಪಿಗೆ ಕೊಟ್ಟರೆ ಮಾತ್ರ ವಾಪಸ್ ಬಂದು ಅರ್ಜಿ ಸಲ್ಲಿಕೆಯಾಗುತ್ತದೆ. ಅರ್ಜಿಯಲ್ಲಿನ ಹೆಸರು ಆಧಾರ್‌ನಲ್ಲಿರುವ ಹೆಸರಿಗೆ ಹೊಂದಬೇಕು. ಸುಳ್ಳು ಅರ್ಜಿ ಹಾಕುವವರಿಗೆ ಇದು ನಿಜಕ್ಕೂ ದೊಡ್ಡ ತಡೆ, ಏಕೆಂದರೆ ಯಾವುದೋ ಸಿಮ್ ಹಿಡಿದು ಕೂತರೆ ಇನ್ನು ಸಾಲದು.

ಆದರೆ ಮೂರೂ ನಮೂನೆಗೆ ಒಂದೇ ಅಳತೆಯ ಬೀಗ ಹಾಕಿದ್ದು ಸರಿಯಲ್ಲ ಎನ್ನುವುದು ನನ್ನ ವಾದ. ಸೇರಿಸುವಾಗ ಆಗುವ ತಪ್ಪು ಸಿಕ್ಕಿಬೀಳಲು ಹಲವು ಅವಕಾಶಗಳಿವೆ: ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಮನೆಗೆ ಬರುತ್ತಾರೆ, ಅರ್ಜಿಗಳ ಪಟ್ಟಿ ನಮೂನೆ 9ರಲ್ಲಿ ಪ್ರಕಟವಾಗುತ್ತದೆ, ಆಕ್ಷೇಪಣೆಗೆ ಏಳು ದಿನ ಇರುತ್ತದೆ, ಕೊನೆಗೆ ಮತಗಟ್ಟೆಯಲ್ಲಿ ಮುಖ ನೋಡುವ ಏಜೆಂಟರಿರುತ್ತಾರೆ. ತೆಗೆಯುವಾಗ ಆದ ತಪ್ಪು ಮಾತ್ರ ಬಹಳ ಸಲ ಮತದಾನದ ದಿನವೇ ಗೊತ್ತಾಗುವುದು. ಆ ಹೊತ್ತಿಗೆ ಸರಿಪಡಿಸುವ ಅಧಿಕಾರ ಯಾರಿಗೂ ಉಳಿದಿರುವುದಿಲ್ಲ. 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 23ನೇ ಕಲಂ ಪ್ರಕಾರ ನಾಮಪತ್ರ ಸಲ್ಲಿಕೆಯ ಕೊನೆಯ ದಿನಾಂಕ ಮುಗಿದ ಮೇಲೆ ಪಟ್ಟಿಗೆ ಕೈ ಹಾಕುವಂತಿಲ್ಲ. ಕೈಯಲ್ಲಿ ವೋಟರ್ ಐಡಿ ಇದೆ ಎಂದು ವಾದಿಸಿ ಪ್ರಯೋಜನವಿಲ್ಲ. ಮತ ಹಾಕಿಸುವುದು ಪಟ್ಟಿಯಲ್ಲಿರುವ ಹೆಸರು, ಕಾರ್ಡಲ್ಲ.

ಹಾಗಾಗಿ ತೆಗೆಯುವ ಕಡೆ ಬಿಗಿ, ಸೇರಿಸುವ ಕಡೆ ಸ್ವಲ್ಪ ಸಡಿಲ ಇರಬೇಕು. ನಮೂನೆ 7ಕ್ಕೆ ಇ-ಸಹಿ ಇರಲಿ. ಆದರೆ ಅದು ಉತ್ತರಿಸುವುದು ಅರ್ಜಿ ಹಾಕಿದ್ದು ಯಾರು ಎಂಬುದನ್ನು ಮಾತ್ರ. ಯಾರ ಹೆಸರು ಹೋಗುತ್ತಿದೆಯೋ ಅವರಿಗೆ ವಿಷಯ ತಿಳಿಯಿತೇ ಎಂಬುದು ಹಾಗೇ ಉಳಿಯುತ್ತದೆ. ನಿಯಮದಲ್ಲಿ ನೋಟಿಸ್ ಇದೆ. ಕಾಗದದ ನೋಟಿಸ್ ಬಾಗಿಲಿಗೆ ಬರುವ ಹೊತ್ತಿಗೆ ಬಾಡಿಗೆದಾರರು ಮನೆ ಬದಲಿಸಿರುತ್ತಾರೆ, ಇಲ್ಲವೇ ಬೀಗ ಹಾಕಿದ ಮನೆಗೆ ‘ವಾಸವಿಲ್ಲ’ ಎಂದು ಷರಾ ಬೀಳುತ್ತದೆ. ಆಗಬೇಕಾದ್ದು ಇಷ್ಟು: ಒಂದು ಎಪಿಕ್ ಸಂಖ್ಯೆಯ ಮೇಲೆ ನಮೂನೆ 7 ಅಥವಾ ಸ್ಥಳಾಂತರದ ನಮೂನೆ 8 ಬಿದ್ದ ಕ್ಷಣವೇ ಆ ಎಪಿಕ್‌ಗೆ ಜೋಡಿಸಿದ ಫೋನಿಗೆ ಎಸ್‌ಎಂಎಸ್ ಹೋಗಬೇಕು, ಆದೇಶವಾದ ಮೇಲಲ್ಲ. ‘ಇದು ನನಗೆ ಗೊತ್ತಿಲ್ಲ’ ಎಂದು ಉತ್ತರಿಸಿದರೆ ಅರ್ಜಿ ಅಲ್ಲೇ ನಿಂತು, ವಿಚಾರಣೆ ಇಲ್ಲದೆ ಮುಂದೆ ಹೋಗಬಾರದು. ನಮೂನೆ 8ನ್ನು ಯಾಕೆ ಸೇರಿಸಿದೆ ಎಂದರೆ, ಸ್ಥಳಾಂತರ ಒಪ್ಪಿಗೆಯಾದರೆ ಹಳೆಯ ಕ್ಷೇತ್ರದಲ್ಲಿ ಹೆಸರು ಹೋಗುತ್ತದೆ. ಅದೂ ಒಂದು ಬಗೆಯ ಡಿಲೀಷನ್ನೇ.

ಎಸ್‌ಎಂಎಸ್ ಕಳಿಸಿದರೆ ಮುಗಿಯಿತು ಎಂದುಕೊಳ್ಳಬೇಡಿ. ರೀಚಾರ್ಜ್ ಮಾಡದೆ ಬಿಟ್ಟ ಸಂಖ್ಯೆ ನಿಷ್ಕ್ರಿಯವಾದರೆ, 90 ದಿನ ಕಳೆದ ಮೇಲೆ ಕಂಪನಿಗಳು ಅದನ್ನು ಬೇರೆಯವರಿಗೆ ಕೊಡಬಹುದು. ಐದು ವರ್ಷಕ್ಕೊಮ್ಮೆ ನೆನಪಾಗುವ ವೋಟರ್ ಐಡಿಗೆ ಜೋಡಿಸಿದ ಸಂಖ್ಯೆ ಅಷ್ಟರಲ್ಲಿ ಅಪರಿಚಿತರ ಕೈ ಸೇರಿರುವುದು ಅಪರೂಪವೇನಲ್ಲ. ಆದ್ದರಿಂದ ಸಂದೇಶಕ್ಕೆ ಉತ್ತರ ಬಾರದಿದ್ದರೆ ಅದನ್ನು ಸಮ್ಮತಿ ಎಂದು ಎಣಿಸಬಾರದು. ಮೌನ ಎಂದರೆ ಬಿಎಲ್‌ಒ ಖುದ್ದಾಗಿ ಹೋಗಬೇಕು ಎಂದರ್ಥ, ಅಷ್ಟೇ.

ಈಗ ಸೇರ್ಪಡೆಯ ಕಡೆಗೆ ಬರೋಣ. ಹದಿನೆಂಟು ತುಂಬಿದ ಹುಡುಗಿಯೊಬ್ಬಳ ಆಧಾರ್‌ಗೆ ಜೋಡಣೆಯಾಗಿರುವುದು ಸಾಮಾನ್ಯವಾಗಿ ಅಪ್ಪನ ಫೋನು, ಏಕೆಂದರೆ ಕಾರ್ಡು ಮಾಡಿಸಿದ್ದು ಚಿಕ್ಕಂದಿನಲ್ಲಿ. ಹಾಸ್ಟೆಲ್‌ನಲ್ಲಿರುವವಳಿಗೆ ಒಟಿಪಿ ಬೇಕೆಂದರೆ ಊರಿಗೆ ಫೋನ್ ಮಾಡಬೇಕು. ಅಪ್ಪ ಹೊಲದಲ್ಲಿದ್ದರೆ ಒಟಿಪಿಯ ಅವಧಿ ಮುಗಿದಿರುತ್ತದೆ. ಕಾನೂನು ಈ ವಿಷಯದಲ್ಲಿ ಉದಾರವಾಗಿದೆ. ಚುನಾವಣಾ ಕಾನೂನುಗಳ 2021ರ ತಿದ್ದುಪಡಿಯಲ್ಲೇ, ಸಕಾರಣದಿಂದ ಆಧಾರ್ ಕೊಡಲಾಗದವರ ಅರ್ಜಿ ತಿರಸ್ಕರಿಸುವಂತಿಲ್ಲ, ಇರುವ ಹೆಸರು ತೆಗೆಯುವಂತಿಲ್ಲ ಎಂದಿದೆ. 2023ರಲ್ಲಿ ಆಯೋಗ ಸುಪ್ರೀಂ ಕೋರ್ಟಿಗೂ ಆಧಾರ್ ಕಡ್ಡಾಯವಲ್ಲ ಎಂದೇ ಹೇಳಿತು. ಆನ್‌ಲೈನ್ ದಾರಿ ಮಾತ್ರ ಆಧಾರ್ ಫೋನಿಗೇ ಕಟ್ಟಿಬಿದ್ದಿದೆ. ಇದಕ್ಕೆ ಪರಿಹಾರ ಕಷ್ಟವಲ್ಲ: ಇ-ಸಹಿ ಆಗದಿದ್ದರೆ ನಮೂನೆ 6 ಬಿದ್ದುಹೋಗದೆ ‘ಖುದ್ದು ಪರಿಶೀಲನೆ’ ಎಂಬ ಸಾಲಿಗೆ ಸೇರಿ, ಬಿಎಲ್‌ಒ ಮೂಲ ದಾಖಲೆ ನೋಡಿ ದೃಢೀಕರಿಸಲಿ. ಹೇಗೂ ಅವರು ಮನೆಗೆ ಬರಲೇಬೇಕು.

ಹೆಸರು ಹೊಂದಾಣಿಕೆ ಅದಕ್ಕಿಂತ ದೊಡ್ಡ ತಲೆನೋವು. ನಮ್ಮ ಕಡೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್ ಎಸ್’, ಆಧಾರ್‌ನಲ್ಲಿ ‘ಹೊಸಹಳ್ಳಿ ಶಿವಣ್ಣ ಮಂಜುನಾಥ್’, ಹಳೆಯ ಪಟ್ಟಿಯಲ್ಲಿ ಬರೀ ‘ಮಂಜ’ ಇರುವವರು ಬೇಕಾದಷ್ಟು. ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ಇವರು ಮೂರು ಜನ. ಹೋಲಿಸುವ ಯಂತ್ರ ಮೊದಲು ಹೆಸರನ್ನು ಪದಗಳಾಗಿ ಬಿಡಿಸಿ ಅನುಕ್ರಮ ಮರೆಯಬೇಕು. ಇನಿಷಿಯಲ್ ಬಂದರೆ ಪೂರ್ಣ ಪದದ ಮೊದಲ ಅಕ್ಷರಕ್ಕೆ ಹೋಲಿಸಬೇಕು. ಇಂಗ್ಲಿಷ್ ಲಿಪಿಯಲ್ಲಿ ಟಿ ಮತ್ತು ಟಿಎಚ್, ವಿ ಮತ್ತು ಡಬ್ಲ್ಯು, ಎರಡು ಇ ಮತ್ತು ಒಂದು ಐ ಇವುಗಳನ್ನು ಒಂದೇ ಎಂದು ಹಿಡಿಯಬೇಕು. ಆಮೇಲೆ ಹುಟ್ಟಿದ ದಿನಾಂಕ ನೋಡಬೇಕು. ಫಲಿತಾಂಶ ಹೌದು-ಅಲ್ಲ ಎಂಬ ಎರಡೇ ಆಗದೆ ನಡುವೆ ‘ಮನುಷ್ಯರು ನೋಡಲಿ’ ಎಂಬ ಮೂರನೆಯದೂ ಇರಬೇಕು. ಯಂತ್ರ ಒಪ್ಪಬಹುದು, ಅಧಿಕಾರಿಗೆ ದಾಟಿಸಬಹುದು, ತಾನೇ ತಿರಸ್ಕರಿಸಬಾರದು.

ಇನ್ನೊಂದು ಎಡವಟ್ಟು ಲಿಪ್ಯಂತರದ್ದು. ಇಂಗ್ಲಿಷಿನಲ್ಲಿ ಹೆಸರು ಟೈಪಿಸಿದರೆ ಪೋರ್ಟಲ್ ತಾನೇ ಕನ್ನಡಕ್ಕೆ ತಿರುಗಿಸುತ್ತದೆ. ಇಂಗ್ಲಿಷಿಗೆ ದ-ಡ, ತ-ಟ, ನ-ಣ, ಲ-ಳ ಭೇದವಿಲ್ಲ, ಹಾಗಾಗಿ ‘ಗೌಡ’ ಹೋಗಿ ‘ಗೌದ’, ‘ಕಮಲ’ ಹೋಗಿ ‘ಕಮಳ’ ಆಗುವ ಅಪಾಯ ಯಾವಾಗಲೂ ಇದ್ದೇ ಇದೆ. ಕರ್ನಾಟಕದ ಮತಗಟ್ಟೆಯಲ್ಲಿ ಬಳಸುವುದು ಕನ್ನಡ ಪಟ್ಟಿ. ಸಲ್ಲಿಸುವ ಮುನ್ನ ಕನ್ನಡದ ಚೌಕದೊಳಗೆ ಕರ್ಸರ್ ಇಟ್ಟು ಕೈಯಾರೆ ತಿದ್ದಿ. ತಂದೆಯ ಅಥವಾ ಗಂಡನ ಹೆಸರಿನ ಚೌಕವನ್ನೂ ನೋಡಿ, ಅದನ್ನು ಬಹುತೇಕರು ಬಿಟ್ಟುಬಿಡುತ್ತಾರೆ.

ನಕಲು ನಮೂದು, ಅಂದರೆ ಒಬ್ಬರದ್ದೇ ಹೆಸರು ಎರಡು ಕಡೆ ಇರುವುದನ್ನು ಹುಡುಕುವುದರಲ್ಲಿ ತಪ್ಪು ತಿರುಗುಮುರುಗಾಗುತ್ತದೆ. ಅಲ್ಲಿ ಹೊಂದಾಣಿಕೆ ಸಡಿಲವಾದಷ್ಟೂ ಬೇರೆ ಬೇರೆಯವರನ್ನು ಒಬ್ಬರೇ ಎಂದುಬಿಡುತ್ತದೆ. ಲಕ್ಷ್ಮಮ್ಮ, ಗಂಡ ಕೃಷ್ಣಪ್ಪ, ವಯಸ್ಸು 52 ಎಂಬ ವಿವರ ಒಂದೇ ಕ್ಷೇತ್ರದಲ್ಲಿ ಎಷ್ಟು ಜನರಿಗೆ ಹೊಂದೀತು ಯೋಚಿಸಿ. ಎಪಿಕ್ ಸಂಖ್ಯೆ ಒಂದೇ ಇದೆ ಎಂದಮಾತ್ರಕ್ಕೂ ನಕಲಿ ಎನ್ನಲಾಗದು: ರಾಜ್ಯಗಳು ಪ್ರತ್ಯೇಕವಾಗಿ ಸಂಖ್ಯೆ ಕೊಡುತ್ತಿದ್ದ ಕಾಲದಲ್ಲಿ ಬೇರೆ ಬೇರೆ ರಾಜ್ಯದವರಿಗೆ ಒಂದೇ ಸಂಖ್ಯೆ ಹೋಗಿತ್ತೆಂದು 2025ರ ಮಾರ್ಚ್‌ನಲ್ಲಿ ಆಯೋಗವೇ ಒಪ್ಪಿಕೊಂಡಿತು. ಆಧಾರ್ ಜೋಡಿಸಿ ಪಟ್ಟಿ ಶುದ್ಧ ಮಾಡುವ 2015ರ ಕಾರ್ಯಕ್ರಮ ಅದೇ ವರ್ಷ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶದ ನಂತರ ನಿಂತಿತು. ಆಧಾರ್‌ನ ಮಿತಿಯೂ ಸ್ಪಷ್ಟವಿದೆ. ಆಧಾರ್ ಕಾಯ್ದೆಯ 9ನೇ ಕಲಂ ಪ್ರಕಾರ ಅದು ಪೌರತ್ವದ ಪುರಾವೆಯಲ್ಲ. ಬಿಹಾರದ ಮತದಾರರ ಪಟ್ಟಿಯ ವಿಶೇಷ ಪರಿಷ್ಕರಣೆಯಲ್ಲಿ ಆಯೋಗ ಒಪ್ಪುತ್ತಿದ್ದ ಹನ್ನೊಂದು ದಾಖಲೆಗಳ ಜತೆ ಅದನ್ನು ಹನ್ನೆರಡನೆಯ ದಾಖಲೆಯಾಗಿ ಪರಿಗಣಿಸುವಂತೆ 2025ರ ಸೆಪ್ಟೆಂಬರ್ 8ರಂದು ಹೇಳಿದಾಗಲೂ ಸುಪ್ರೀಂ ಕೋರ್ಟ್ ಅದನ್ನು ಗುರುತಿಗಷ್ಟೇ ಸೀಮಿತಗೊಳಿಸಿತು.

ಕಡೆಗೆ, ಯಾರೂ ಹೆಚ್ಚು ಮಾತಾಡದ ಲಾಗ್ ದಾಖಲೆ, ಅಂದರೆ ಅರ್ಜಿ ಯಾವಾಗ ಎಲ್ಲಿಂದ ಬಂತೆಂದು ಪೋರ್ಟಲ್ ಬರೆದಿಡುವ ವಿವರ. ಸುಳ್ಳು ಅರ್ಜಿ ಬಂದಾಗ ಪೊಲೀಸರಿಗೆ ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತು ಸಂಖ್ಯೆ) ಕೊಟ್ಟರೆ ಸಾಲದು. ಮೊಬೈಲ್ ಕಂಪನಿಗಳು ಒಂದೇ ಐಪಿಯನ್ನು ಒಂದೇ ಹೊತ್ತಿನಲ್ಲಿ ನೂರಾರು ಗ್ರಾಹಕರಿಗೆ ಹಂಚುತ್ತವೆ. ಒಂದೇ ಐಪಿಯ ಸಂಪರ್ಕಗಳನ್ನು ಬೇರ್ಪಡಿಸುವ ಪೋರ್ಟ್ ಸಂಖ್ಯೆ ಮತ್ತು ಸೆಕೆಂಡಿನ ತನಕ ಸಮಯ ಇಲ್ಲದಿದ್ದರೆ ಆ ನೂರಾರು ಜನರಲ್ಲಿ ಯಾರೆಂದು ಕಂಪನಿಗೂ ಹೇಳಲಾಗದು. ಕಂಪನಿಗಳೂ ತಮ್ಮ ದಾಖಲೆಯನ್ನು ಶಾಶ್ವತವಾಗಿ ಇಡುವುದಿಲ್ಲ, ತಡವಾಗಿ ಕೇಳಿದರೆ ಅಳಿಸಿಹೋಗಿರುತ್ತದೆ. ಆದ್ದರಿಂದ ಪ್ರತಿ ಅರ್ಜಿಯ ಜತೆ ಐಪಿ, ಪೋರ್ಟ್, ಸಮಯ, ಸಾಧನದ ವಿವರ, ಲಾಗಿನ್ ಆದ ಫೋನ್, ಇ-ಸಹಿಯ ವ್ಯವಹಾರ ಸಂಖ್ಯೆ ಎಲ್ಲವನ್ನೂ ಒಟ್ಟಿಗೆ ಕಟ್ಟಿಡಬೇಕು. ಒಂದೇ ಖಾತೆಯಿಂದ ನಿಮಿಷದೊಳಗೆ ಎರಡು ಮೂರು ನಮೂನೆ 7 ಬಂದರೆ ಮನುಷ್ಯರು ತುಂಬಿದ್ದಲ್ಲ ಎಂದು ಶಂಕಿಸಿ ತಡೆಹಿಡಿಯಬೇಕು. ಫಾರಂ ಓದಿ ಮುಗಿಸಲಿಕ್ಕೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ವ್ಯವಸ್ಥೆ ಬದಲಾಗುವವರೆಗೆ ಮತದಾರರು ಮಾಡಬಹುದಾದ್ದು: ಪೋರ್ಟಲ್ಲಿನಲ್ಲಿ ಎಪಿಕ್ ಸಂಖ್ಯೆ ಹಾಕಿ ಹೆಸರು, ಭಾಗ ಸಂಖ್ಯೆ, ಕ್ರಮ ಸಂಖ್ಯೆ ನೋಡಿ. ಜೋಡಿಸಿದ ಫೋನು ಹಳೆಯದಾಗಿದ್ದರೆ ನಮೂನೆ 8ರಲ್ಲಿ ಬದಲಿಸಿ. ನಿಮ್ಮ ಕ್ಷೇತ್ರದ ನಮೂನೆ 10ರ ಪಟ್ಟಿಯಲ್ಲಿ ಯಾರ ಹೆಸರಿನ ಮೇಲೆ ಆಕ್ಷೇಪಣೆ ಬಂದಿದೆ ಎಂಬುದು ಇರುತ್ತದೆ; ಚುನಾವಣೆ ಹತ್ತಿರವಿದ್ದಾಗ ಅದನ್ನು ಆಗಾಗ ತೆರೆದು ನೋಡಿ. ಹೆಸರು ಹೋಗಿದ್ದರೆ ಆದೇಶವಾದ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ನಾಮಪತ್ರದ ದಿನಾಂಕ ಹತ್ತಿರವಿದ್ದರೆ ಮೇಲ್ಮನವಿಗೆ ಕಾಯುತ್ತಾ ಕೂರದೆ, ಅದೇ ದಿನ ಹೊಸದಾಗಿ ನಮೂನೆ 6 ಕೂಡ ಹಾಕಿ, ಉಲ್ಲೇಖ ಸಂಖ್ಯೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.