ತಾತನ ಬಿಳಿ ಕೂದಲು ಎಲ್ಲಿ ಹೋಯ್ತು?

ಫೋಟೊ ನೋಡಿ ಪೆನ್ಸಿಲ್‌ನಲ್ಲಿ ಮುಖಚಿತ್ರ ಬರೆದುಕೊಡುವುದು ನನ್ನ ಕೆಲಸ. ಹೊಸತರಲ್ಲಿ ಒಬ್ಬರು ತಮ್ಮ ತಾತನ ಫೋಟೊ ತಂದುಕೊಟ್ಟರು. ಬಿಳಿ ಕೂದಲು, ಬಿಳಿ ಜುಬ್ಬಾ, ಹೆಗಲ ಮೇಲೆ ಬಿಳಿ ಟವೆಲ್. ನನ್ನ ಕಾಗದವೂ ಬಿಳಿ! ಮೂರು ದಿನ ಕೂತು ಬರೆದೆ. ಕಣ್ಣು, ಮೂಗು, ಹಣೆಯ ಗೆರೆ ಎಲ್ಲ ಚೆನ್ನಾಗಿಯೇ ಬಂದಿತ್ತು. ಅವರು ನೋಡಿ, "ನಮ್ಮ ತಾತನೇ, ಆದ್ರೆ ಕೂದಲೆಲ್ಲಿ ಸಾರ್?" ಅಂದರು.

ವಾಪಸ್ ತಂದು ತುಂಬಾ ಕಪ್ಪಾಗಿ ಮೂಡುವ 6ಬಿ ಪೆನ್ಸಿಲ್‌ನಲ್ಲಿ ಒಂದೊಂದೇ ಕೂದಲು ಎಳೆದೆ. ತಾತ ಈಗ ಹೇರ್ ಡೈ ಮಾಡಿಸಿಕೊಂಡು ಬಂದ ಹಾಗೆ ಕಂಡರು.

ತಪ್ಪು ಕೂದಲಲ್ಲಿ ಇರಲೇ ಇಲ್ಲ. ಪೆನ್ಸಿಲ್ ಎಷ್ಟೇ ತಿಕ್ಕಿದರೂ ಕಾಗದಕ್ಕಿಂತ ಬಿಳಿ ಬರೋದಿಲ್ಲ. ಬಿಳಿ ಕಾಣಬೇಕಾದರೆ ಪಕ್ಕದ್ದು ಕಪ್ಪಾಗಬೇಕು. ಹೊಸ ಹಾಳೆಯಲ್ಲಿ ತಲೆಯ ಹಿಂದೆ ಪೆನ್ಸಿಲ್ ಪುಡಿಯನ್ನು ಹತ್ತಿಯಿಂದ ಸವರಿದೆ. ಕೂದಲಿನ ಅಂಚಲ್ಲಿ ರಬ್ಬರ್ ತುದಿಯಿಂದ ಅಳಿಸಿ ನಾಲ್ಕೈದು ಬಿಳಿ ಎಳೆ ಎತ್ತಿದೆ, ಅಷ್ಟೇ. ಇನ್ನೊಂದು ಕಡೆ ಕೆನ್ನೆ, ಕಿವಿ ನೆರಳಲ್ಲಿದ್ದವು. ಅಲ್ಲೂ ಹಿಂದೆ ಕಪ್ಪು ಬಳಿದಿದ್ದರೆ ಕಿವಿ ಮುಳುಗಿಹೋಗುತ್ತಿತ್ತು. ಅದಕ್ಕೆ ಆ ಕಡೆ ಹಿನ್ನೆಲೆಯನ್ನು ತಿಳಿಯಾಗಿ ಬಿಟ್ಟೆ.

ಮೈಸೂರಿನ ಜಗನ್ಮೋಹನ ಅರಮನೆಯ 'ದೀಪ ಹಿಡಿದ ಮಹಿಳೆ' ನಿಮಗೆ ಗೊತ್ತಲ್ವಾ? ಎಸ್. ಎಲ್. ಹಲ್ದಣಕರ್ ಜಲವರ್ಣದಲ್ಲಿ ಬರೆದದ್ದು. ಸುಮಾರು ಜನ ಈಗಲೂ ರವಿವರ್ಮನದು ಅಂತಲೇ ಹೇಳುತ್ತಾರೆ. ಅದರ ಪ್ರಿಂಟ್ ಸಿಕ್ಕರೆ, ಸುತ್ತಲಿನ ಕತ್ತಲನ್ನು ಕಾಗದದಿಂದ ಮುಚ್ಚಿ ದೀಪಕ್ಕೆ ಅಡ್ಡ ಹಿಡಿದ ಬೆರಳುಗಳನ್ನಷ್ಟೇ ನೋಡಿ. ಬರೀ ಕೆಂಪು ಕಿತ್ತಳೆ. ಕಾಗದ ತೆಗೆದ ಕೂಡಲೇ ದೀಪ ಹತ್ತಿಕೊಳ್ಳುತ್ತದೆ.

ಕತ್ತಿನ ವಿಷಯದಲ್ಲೂ ಇದೇ ತರಹ ಎಡವಿದ್ದೆ. ಗದ್ದದ ಕೆಳಗೆ ನೆರಳು ಅಂತ ಪೂರ್ತಿ ಕಪ್ಪು ತುಂಬುತ್ತಿದ್ದೆ, ತಲೆ ಕತ್ತರಿಸಿ ಇಟ್ಟ ಹಾಗೆ ಕಾಣುತ್ತಿತ್ತು. ನಿಜವಾಗಿ ಬಿಳಿ ಜುಬ್ಬಾಕ್ಕೆ ಬಿದ್ದ ಬೆಳಕು ಮೇಲಕ್ಕೆ ಚಿಮ್ಮಿ ದವಡೆಯ ಅಂಚಿಗೆ ತಾಗುತ್ತದೆ. ಸಣ್ಣ ಪಟ್ಟಿಯಷ್ಟು ತಿಳಿ ಬಿಟ್ಟರೆ ದವಡೆ ದುಂಡಗಾಗುತ್ತದೆ. ಆದರೆ ಆ ಪಟ್ಟಿ ಬೆಳಕು ಬಿದ್ದ ಕೆನ್ನೆಗಿಂತ ಮಂಕಾಗಿಯೇ ಇರಬೇಕು. ಅನುಮಾನ ಬಂದರೆ ಕಣ್ಣು ಅರ್ಧ ಮುಚ್ಚಿ ನೋಡುತ್ತೇನೆ. ವಿವರಗಳೆಲ್ಲ ಕರಗಿ ಬೆಳಕು, ನೆರಳು ಎರಡೇ ಉಳಿಯುತ್ತವೆ.

ಮೊಬೈಲ್ ಫ್ಲ್ಯಾಶ್ ಹಾಕಿ ತೆಗೆದ ಫೋಟೊ ಈಗ ಆದಷ್ಟು ಒಪ್ಪುವುದಿಲ್ಲ. ಮುಂದಿನಿಂದ ಬೆಳಕು ಬಿದ್ದು ಮೂಗಿನ ನೆರಳೇ ಇರುವುದಿಲ್ಲ, ಮುಖ ದೋಸೆ ಹಾಗೆ ಚಪ್ಪಟೆ. "ಲೈಟ್ ಆರಿಸಿ, ಕಿಟಕಿ ಪಕ್ಕ ಕೂರಿಸಿ ಇನ್ನೊಂದು ತೆಗೆದು ಕಳಿಸಿ" ಅಂತೀನಿ.

"ಹಿಂದೆ ಯಾಕೆ ಸಾರ್ ಕಪ್ಪು? ಬಿಳಿ ಬಿಟ್ಟರೆ ನೀಟಾಗಿರುತ್ತೆ" ಅನ್ನುವವರು ಈಗಲೂ ಬರುತ್ತಾರೆ. ಅವರಿಗಂತಲೇ ಹೇರ್ ಡೈ ತಾತನ ಹಾಳೆಯನ್ನು ಫೈಲಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.