ಟಾರ್ಚ್ ಹಿಡಿದು ಗಂಟಲು ನೋಡಿಕೊಳ್ಳುವವರಿಗೆ

ಓರಲ್ ಸೆಕ್ಸ್‌ನಿಂದ ಗಂಟಲಿಗೆ ಎಚ್‌ಪಿವಿ ಎಂಬ ವೈರಸ್ ತಗಲಬಹುದು, ಅದರಿಂದ ಕ್ಯಾನ್ಸರ್ ಬರಬಹುದು ಎಂದು ಓದಿದ ದಿನವೇ ಬಹಳ ಜನ ಮೊಬೈಲ್ ಟಾರ್ಚ್ ಹಚ್ಚಿ ಕನ್ನಡಿ ಮುಂದೆ ಬಾಯಿ ತೆರೆಯುತ್ತಾರೆ. ಹುಡುಕಿದರೆ ಏನೋ ಒಂದು ಸಿಕ್ಕೇ ಸಿಗುತ್ತದೆ. ನಾಲಿಗೆಯ ಹಿಂಭಾಗದಲ್ಲಿ ‘ವಿ’ ಆಕಾರದಲ್ಲಿ 8ರಿಂದ 12 ದುಂಡನೆಯ ಉಬ್ಬುಗಳು ಎಲ್ಲರಿಗೂ ಇರುತ್ತವೆ. ಅಲ್ಲಿರುವುದು ರುಚಿಮೊಗ್ಗು. ನಾಲಿಗೆಯ ಅಂಚಿನಲ್ಲಿ, ತೀರಾ ಹಿಂದೆ ಕಾಣುವ ಕೆಂಪು ಮಡಿಕೆಗಳೂ ಹುಟ್ಟಿನಿಂದಲೇ ಇದ್ದವು. ಟಾನ್ಸಿಲ್ ಗುಳಿಯಲ್ಲಿ ಸಿಕ್ಕಿಕೊಂಡ ನಾರುವ ಬಿಳಿ ಹರಳು, ಅಲರ್ಜಿ ಇದ್ದವರ ಗಂಟಲ ಹಿಂಗೋಡೆಯಲ್ಲಿ ಕಾಳು ಕಾಳಾಗಿ ಕಾಣುವ ಉಬ್ಬು, ಇವೂ ಕ್ಯಾನ್ಸರ್ ಅಲ್ಲ.

ಕುತ್ತಿಗೆಯದೂ ಇದೇ ಕಥೆ. ದವಡೆಯ ಕೆಳಗೆ ಕೈಗೆ ಸಿಗುವ ಮೆತ್ತನೆಯ ಉಂಡೆ ಹೆಚ್ಚಿನ ಸಲ ಎಂಜಲಿನ ಗ್ರಂಥಿ. ಇನ್ನೊಂದು ಬದಿಯಲ್ಲೂ ಅಂಥದ್ದೇ ಇದೆಯೇ ಎಂದು ಮುಟ್ಟಿ ನೋಡಿ. ದಿನಕ್ಕೆ ಹತ್ತು ಸಲ ಒತ್ತುತ್ತಿದ್ದರೆ ಆ ಜಾಗ ನೋಯದೆ ಇನ್ನೇನು? ಆಮೇಲೆ ಆ ನೋವೇ ಹೊಸ ಲಕ್ಷಣವಾಗಿ ಕಾಡುತ್ತದೆ.

ಈ ವೈರಸ್‌ನಿಂದ ಬರುವ ಕ್ಯಾನ್ಸರ್ ಶುರುವಾಗುವುದು ಸಾಮಾನ್ಯವಾಗಿ ಟಾನ್ಸಿಲ್‌ನ ಆಳದ ಗುಳಿಗಳಲ್ಲಿ ಅಥವಾ ನಾಲಿಗೆಯ ಬುಡದಲ್ಲಿ. ಅದು ಕನ್ನಡಿಗೆ ಕಾಣುವ ಜಾಗವಲ್ಲ. ಮೊದಲು ಗೊತ್ತಾಗುವುದು ಎಷ್ಟೋ ಸಲ ಕುತ್ತಿಗೆಯ ಒಂದೇ ಬದಿಯಲ್ಲಿ ಎದ್ದ, ನೋವಿಲ್ಲದ ಗಂಟು.

ಕಾಲದ ಲೆಕ್ಕವನ್ನೂ ನೋಡಿ. ಅಮೆರಿಕದಲ್ಲಿ 2009–10ರಲ್ಲಿ 14ರಿಂದ 69 ವಯಸ್ಸಿನವರ ಬಾಯಿಯ ಮಾದರಿ ಪರೀಕ್ಷಿಸಿದಾಗ ಯಾವುದಾದರೊಂದು ಎಚ್‌ಪಿವಿ ಸಿಕ್ಕಿದ್ದು ಸುಮಾರು 7% ಜನರಲ್ಲಿ. ಎಚ್‌ಪಿವಿಯಿಂದ ಬರುವ ಗಂಟಲ ಕ್ಯಾನ್ಸರ್‌ಗೆ ಮುಖ್ಯ ಕಾರಣವಾದ 16ನೇ ತಳಿ ಸುಮಾರು 1% ಜನರಲ್ಲಿ ಮಾತ್ರ. ಸೋಂಕು ಬಹುಪಾಲು ಒಂದೆರಡು ವರ್ಷದೊಳಗೆ ತಾನಾಗಿಯೇ ಹೋಗುತ್ತದೆ. ಹೋಗದೆ ಉಳಿದ ಕೆಲವರಲ್ಲೂ ಕ್ಯಾನ್ಸರ್ ಆಗಲು ದಶಕಗಳು ಬೇಕು. ಹೋದ ತಿಂಗಳ ಸಂಪರ್ಕಕ್ಕೂ ಈ ವಾರದ ಗಂಟಲು ಕೆರೆತಕ್ಕೂ ಕ್ಯಾನ್ಸರ್‌ನ ನಂಟು ಕಟ್ಟಬೇಡಿ.

ಆತಂಕಕ್ಕೂ ತನ್ನದೇ ಲಕ್ಷಣವಿದೆ: ಗಂಟಲಲ್ಲಿ ಉಂಡೆ ಸಿಕ್ಕಿಕೊಂಡಂತೆ. ಎಂಜಲು ನುಂಗುವಾಗ ಅಡ್ಡ ಬರುತ್ತದೆ, ಊಟಕ್ಕೆ ಕೂತರೆ ಮಾಯ. ನಿಜವಾದ ಗಡ್ಡೆ ಇದ್ದರೆ ಇದು ಉಲ್ಟಾ, ಮುದ್ದೆ-ಚಪಾತಿಯೇ ಮೊದಲು ಅಡ್ಡ ನಿಲ್ಲುತ್ತದೆ.

ಬಾಯಿ ಮುಕ್ಕಳಿಸಿದ ನೀರಿನಲ್ಲಿ ಎಚ್‌ಪಿವಿ ಹುಡುಕುವ ಟೆಸ್ಟ್‌ಗೆ ದುಡ್ಡು ಹಾಕಬೇಡಿ. ಪಾಸಿಟಿವ್ ಬಂದರೆ ಕೊಡಲು ಔಷಧಿಯಿಲ್ಲ, ನೆಗೆಟಿವ್ ಬಂದರೆ ಗುಳಿಯೊಳಗೆ ಏನೂ ಇಲ್ಲವೆಂದೂ ಅಲ್ಲ. ಗಡ್ಡೆಗೆ ಎಚ್‌ಪಿವಿ ಕಾರಣವೇ ಎಂದು ನೋಡುವ ಪಿ16 ಎನ್ನುವ ಪರೀಕ್ಷೆ ಬೇರೆ. ಅದನ್ನು ಮಾಡುವುದು ಗಡ್ಡೆಯಿಂದ ತೆಗೆದ ತುಣುಕಿನ ಮೇಲೆ.

ಇಎನ್‌ಟಿ ಡಾಕ್ಟರ್ ಹತ್ತಿರ ಹೋಗಲೇಬೇಕಾದದ್ದು ಇವು 3 ವಾರ ದಾಟಿದರೆ: ಕುತ್ತಿಗೆಯ ಗಂಟು, ಒಂದೇ ಬದಿಯ ಗಂಟಲು ಅಥವಾ ಕಿವಿ ನೋವು, ನುಂಗಲು ತೊಂದರೆ, ದನಿ ಒಡೆದಿರುವುದು, ಒಂದೇ ಟಾನ್ಸಿಲ್ ದಪ್ಪವಾಗಿರುವುದು. ಉಗುಳಿನಲ್ಲಿ ರಕ್ತ ಕಂಡರೆ 3 ವಾರವೂ ಕಾಯಬೇಡಿ. ಮೂಗಿನಿಂದ ತೆಳ್ಳನೆಯ ಸ್ಕೋಪ್ ಇಳಿಸಿ ನೋಡಲು ಕೆಲವೇ ನಿಮಿಷ ಸಾಕು. ಗಂಟು ಇದ್ದರೆ ಮೊದಲು ಅಲ್ಟ್ರಾಸೌಂಡ್, ಸೂಜಿ ಪರೀಕ್ಷೆ. ಎಡವಟ್ಟಾಗುವುದು ಇಲ್ಲೇ: ಜ್ವರವಿಲ್ಲ, ಕೀವಿಲ್ಲ, ಆದರೂ ಒಂದರ ಹಿಂದೊಂದು ಆಂಟಿಬಯಾಟಿಕ್ ಕೋರ್ಸ್, ಇಲ್ಲವೇ ಸೂಜಿ ಹಾಕದೆ ನೇರ ಕೊಯ್ದು ತೆಗೆಯುವುದು. 40 ದಾಟಿದವರಿಗೆ ‘ಇದು ಬರೀ ನೀರು ತುಂಬಿದ ಗಂಟು (ಸಿಸ್ಟ್)’ ಎಂದರೆ ಸೂಜಿ ಪರೀಕ್ಷೆ ಮಾಡಿಸಿದಿರಾ ಎಂದು ಕೇಳಿ. ಈ ಕ್ಯಾನ್ಸರ್ ಹರಡಿದ ಗಂಟಿನೊಳಗೂ ನೀರು ತುಂಬಿರಬಹುದು.

ನಮ್ಮ ಕಡೆ ಬಾಯಿ ಕ್ಯಾನ್ಸರ್‌ಗೆ ದೊಡ್ಡ ಕಾರಣ ಹೊಗೆಸೊಪ್ಪು, ಗುಟ್ಕಾ, ಅಡಿಕೆ. ಎಚ್‌ಪಿವಿಗೆ ಹೆದರಿ ನಿದ್ದೆಗೆಟ್ಟವರ ಜೇಬಿನಲ್ಲೇ ಗುಟ್ಕಾ ಪೊಟ್ಟಣ ಇದ್ದರೆ ಮೊದಲು ಅದನ್ನು ಎಸೆಯಬೇಕು.

ಇರುವ ಸೋಂಕನ್ನು ಎಚ್‌ಪಿವಿ ಲಸಿಕೆ ಓಡಿಸದು, ಹೊಸದನ್ನು ತಡೆಯುತ್ತದೆ. ಭಾರತದ್ದೇ ಆದ ಸರ್ವಾವ್ಯಾಕ್ ಲಸಿಕೆ 16ನೇ ತಳಿಯನ್ನೂ ತಡೆಯುತ್ತದೆ. 9–14 ವಯಸ್ಸಿಗೆ 6 ತಿಂಗಳ ಅಂತರದಲ್ಲಿ 2 ಡೋಸ್. 15–26ಕ್ಕೆ 3 ಡೋಸ್, ಮೊದಲನೆಯದಾದ 2 ಮತ್ತು 6 ತಿಂಗಳಿಗೆ ಉಳಿದೆರಡು. ಗಂಡುಮಕ್ಕಳಿಗೂ ಹಾಕಿಸಬಹುದು.